ನೀರು ಯಾವಾಗ ಇಳಿಯಿತು?

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. ‘ಪುಣೇದಾಗ ಸ್ವಂತದ್ದು ಏನರ ಮಾಡೀರೇನ್ರಿ?’ ಕೋಥರೂಡಿನಲ್ಲಿ ಒಂದು ಫ್ಲ್ಯಾಟು, ಊರ ಹೊರಗೆ ಮುಳಶಿ ರಸ್ತೆಯ ಕಡೆ ಹನ್ನೊಂದು ಗುಂಟೆ ಜಾಗ ಅನ್ನುತ್ತೇನೆ. ಫ್ಲ್ಯಾಟಿನ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಹನ್ನೊಂದು ಗುಂಟೆ ಅಂದಾಗ ಮಾತ್ರ ನಗುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹನ್ನೊಂದು ಗುಂಟೆ ಅಂದರೆ ಕಣಕ್ಕೆ ಬಿಟ್ಟ ಜಾಗ. ಅದರಲ್ಲೂ ಅರ್ಧ ಭಾಗ ತಗ್ಗು, ಮಳೆಗಾಲದಲ್ಲಿ ಅದು ಜಾಗವಲ್ಲ, ಹೊಂಡ ಎಂಬುದನ್ನು ನಾನು ಅವರಿಗೆ ಹೇಳುವುದಿಲ್ಲ. ಹೇಳದೆ ಇರುವುದು ನನಗೆ ಹೊಸದೇನೂ ಅಲ್ಲ. ಈ ಬರಹವೂ ಅದರ ಬಗ್ಗೆಯೇ.

ಆ ಜಾಗ ಕೊಂಡದ್ದು 2004ರ ಫೆಬ್ರವರಿಯಲ್ಲಿ. ಎನ್.ಎ. ಆಗಿತ್ತು, ಕಾಗದಪತ್ರ ಸರಿಯಾಗಿತ್ತು. ಬ್ಯಾಂಕಿನವನಾದ್ದರಿಂದ ಟೈಟಲ್ ಶೋಧ, ತೆರಿಗೆ ರಸೀದಿ ಎಲ್ಲ ನೋಡಿದ್ದೆ. ನೆಲ ನೋಡಿದ್ದು ಬೇಸಿಗೆ ಶುರುವಾಗುವ ಹೊತ್ತಿನಲ್ಲಿ, ಕಾಲಿಗೆ ಧೂಳು ಹತ್ತುತ್ತಿತ್ತು. ಜೂನ್ ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಹೋದರೆ ಮೊಣಕಾಲುದ್ದ ನೀರು. ಪಕ್ಕದ ಭತ್ತದ ಗದ್ದೆಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ ಎಂಬುದು ಮಾರಿದವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿದಾಗ ಅವನು ಸಮಾಧಾನವಾಗಿಯೇ ಅಂದ: ‘ಸಾಹೇಬ್, ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.’ ಆ ಮಾತನ್ನು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬೈದಿದ್ದೇನೆ.

ಕಟ್ಟುವ ಯೋಚನೆ ಹಾಗೇ ಉಳಿಯಿತು. ಜಾಗ ಮಾತ್ರ ಸುಮ್ಮನಿರಲಿಲ್ಲ. ತಗ್ಗಿನಲ್ಲಿ ಜೊಂಡು, ಜೇಕು, ಹೊನಗೊನ್ನೆ, ಹೆಸರು ಗೊತ್ತಿಲ್ಲದ ನೀರುಹುಲ್ಲು. ದಿಬ್ಬದ ಕಡೆ ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಅನ್ನುವ ಇದಕ್ಕೆ ಇಲ್ಲಿಯವರು ಗಾಜರ್ ಗವತ್ ಅನ್ನುತ್ತಾರೆ, ಎಲೆ ಗಜ್ಜರಿ ಎಲೆಯ ಹಾಗಿರುವುದರಿಂದ. ಒಂದು ತಮಾಷೆ ಹೇಳಬೇಕು. 1950ರ ದಶಕದ ಮಧ್ಯದಲ್ಲಿ ಈ ಗಿಡ ನಮ್ಮ ದೇಶದಲ್ಲಿ ಹರಡತೊಡಗಿದ್ದು ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದದ್ದು ಇದೇ ಪುಣೆಯಲ್ಲಿ. ಇಲ್ಲಿಂದ ನಮ್ಮ ಕಡೆಗೂ ಬಂತು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಾನೂನಿನ ಪ್ರಕಾರ ಪೀಡೆಯ ಕಳೆ ಎಂದು ಘೋಷಿಸಿತು, 1984ರಲ್ಲಿ ಬೆಂಗಳೂರಿನಲ್ಲಿ ಅದನ್ನು ತಿನ್ನಲು ಮೆಕ್ಸಿಕೋದ ದುಂಬಿಯನ್ನೂ ತಂದು ಬಿಟ್ಟರು. ಗಿಡ ಇಲ್ಲಿಂದ ಅಲ್ಲಿಗೆ ಹೋಯಿತು, ನಾನು ಅಲ್ಲಿಂದ ಇಲ್ಲಿಗೆ ಬಂದೆ. ಇಬ್ಬರೂ ಬೇರು ಬಿಟ್ಟೆವು.

2019 ನಾನು ನಿವೃತ್ತನಾದ ವರ್ಷ. ಆ ವರ್ಷದ ಮಳೆಯನ್ನು ಪುಣೆಯವರು ಮರೆತಿಲ್ಲ. ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಮನೆಗಳ ಗೋಡೆ ಉರುಳಿಸಿ ಜನರನ್ನು ಕೊಚ್ಚಿಕೊಂಡು ಹೋಯಿತು. ಅಕ್ಟೋಬರ್ ಪೂರ್ತಿ ಮಳೆ ನಿಲ್ಲಲಿಲ್ಲ. ದೀಪಾವಳಿಗೂ ಮಳೆ, ದೀಪಾವಳಿ ಆದ ಮೇಲೂ ಮಳೆ. ನವೆಂಬರಿನಲ್ಲಿ ಲೇಔಟಿನ ಕಮಿಟಿಯಿಂದ ಒಂದು ಕಾಗದ ಬಂತು. ಕಳೆ ಆಳೆತ್ತರ ಬೆಳೆದಿದೆ, ಸೊಳ್ಳೆ, ಹಾವು ಹೆಚ್ಚಾಗಿವೆ, ಹದಿನೈದು ದಿನದಲ್ಲಿ ತೆಗೆಸಬೇಕು, ಇಲ್ಲವಾದರೆ ನಾವೇ ತೆಗೆಸಿ ದಂಡ ಸಹಿತ ವಸೂಲಿ ಮಾಡುತ್ತೇವೆ. ಇಂಥ ಒಕ್ಕಣೆಯ ಪತ್ರಗಳನ್ನು ಮೂವತ್ತೇಳು ವರ್ಷ ನಾನೇ ಬೇರೆಯವರಿಗೆ ಬರೆದವನು. ನನಗೇ ಬಂದಾಗ ಕೈ ಸ್ವಲ್ಪ ನಡುಗಿತು.

ಜೆಸಿಬಿಯವನು ಹಸಿ ನೆಲದಲ್ಲಿ ಗಾಡಿ ಹೂತುಕೊಳ್ಳುತ್ತದೆ ಅಂದ. ಕೂಲಿಯವರು ಎಂಟು ಸಾವಿರ ಕೇಳಿದರು. ಔಷಧಿ ಹೊಡೆಯೋಣ ಅಂದರೆ ಕೆಳಗೆ ಪಕ್ಕದವರ ಬಾವಿ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಫೋನಿನಲ್ಲಿ ಅಂದಳು, ‘ಅಪ್ಪಾ, ಇಲ್ಲಿ ಮೇಕೆ ಬಾಡಿಗೆಗೆ ಸಿಗುತ್ತವೆ. ಕಾಡ್ಗಿಚ್ಚು ಹಬ್ಬಬಾರದು ಅಂತ ಗುಡ್ಡದ ಒಣಹುಲ್ಲು ಮೇಯಿಸೋದಕ್ಕೆ ಹಿಂಡುಗಟ್ಟಲೆ ತರಿಸ್ತಾರೆ.’ ‘ದುಡ್ಡು ಯಾರು ಯಾರಿಗೆ ಕೊಡ್ತಾರೆ?’ ಅಂತ ಕೇಳಿದೆ. ‘ಜಾಗದವರು ಮೇಕೆಯವರಿಗೆ. ಎಕರೆಗೆ ಇಷ್ಟು ಅಂತ.’ ನಾನು ನಕ್ಕೆ. ಮೇವೂ ಕೊಟ್ಟು ದುಡ್ಡೂ ಕೊಡೋದಾ ಅಂತ. ಆದರೆ ಕುರಿ ಅನ್ನುವ ವಿಚಾರ ತಲೆಗೆ ಹೊಕ್ಕಿತು.

ಪುಣೆಯಲ್ಲಿ ಸ್ವಲ್ಪ ಕಾಲ ಇದ್ದವರು ಇದನ್ನು ನೋಡಿಯೇ ಇರುತ್ತಾರೆ. ದೀಪಾವಳಿ ಕಳೆದ ಮೇಲೆ ಧನಗರರ ಕುರಿ ಹಿಂಡುಗಳು ಪೂರ್ವದ ಒಣ ತಾಲ್ಲೂಕುಗಳಿಂದ, ಬಾರಾಮತಿ, ಫಲಟಣ ಕಡೆಯಿಂದ, ಹೊರಟು ಕೊಂಕಣಕ್ಕೆ ಇಳಿಯುತ್ತವೆ. ನಗರದ ಅಂಚಿನ ರಸ್ತೆಗಳಲ್ಲಿ ಐಟಿ ಕಂಪನಿಗಳ ಬಸ್ಸುಗಳ ನಡುವೆ ಕಪ್ಪು, ಕಂದು ಬಣ್ಣದ ದಖ್ಖನಿ ಕುರಿಗಳು, ಹಿಂದೆ ಪಾತ್ರೆ, ಹಾಸಿಗೆ, ಕೋಳಿ, ಕೆಲವೊಮ್ಮೆ ಕೂಸನ್ನೂ ಹೊತ್ತ ಕುದುರೆ. ಕೊಯ್ಲಾದ ಕೊಂಕಣದ ಭತ್ತದ ಗದ್ದೆಗಳಲ್ಲಿ ಬೇಸಿಗೆ ಕಳೆದು, ಮಳೆ ಹಿಡಿಯುವ ಮುಂಚೆ ಘಾಟಿ ಹತ್ತಿ ಹಿಂತಿರುಗುತ್ತವೆ. ನಮ್ಮಲ್ಲಿ ಕುರುಬರು ಅಂದ ಹಾಗೆ. ದೇವರೂ ನಮ್ಮವನೇ. ನಮ್ಮ ಬೀರಪ್ಪ ಅವರ ಬಿರೋಬಾ. ನಮ್ಮ ದೇವರಗುಡ್ಡದ ಮೈಲಾರ ಇಲ್ಲಿ ಜೇಜುರಿಯ ಖಂಡೋಬಾ. ಭಂಡಾರದ ಹಳದಿ ಎರಡೂ ಕಡೆ ಒಂದೇ. ಪುಣೆಗೆ ಬಂದ ಹೊಸತರಲ್ಲಿ ಜೇಜುರಿಯ ಮೆಟ್ಟಿಲು ಹತ್ತಿದ ದಿನ ನನಗೆ ಈ ಊರು ಪರಸ್ಥಳ ಅನ್ನಿಸಲಿಲ್ಲ.

ನವೆಂಬರ್ ಕೊನೆಯ ವಾರ ಪ್ಲಾಟಿನ ಹತ್ತಿರ ಅಂಥದೊಂದು ಹಿಂಡು ಬಂತು. ನೂರೈವತ್ತು ಕುರಿ ಇರಬಹುದು. ಮುಂದಾಳು ನನಗಿಂತ ಸ್ವಲ್ಪ ಚಿಕ್ಕವನು, ಕೆಂಪು ಮುಂಡಾಸು, ಹೆಗಲಿಗೆ ಕಂಬಳಿ. ನಾನೇ ಕರೆದೆ. ಜಾಗ ತೋರಿಸಿದೆ. ಅವನು ಕುರಿ ಬಿಡಲಿಲ್ಲ. ಮೊದಲು ತಗ್ಗಿಗೆ ಇಳಿದ, ಜೊಂಡಿನ ಬುಡ ಸರಿಸಿ ನೋಡಿದ, ಹೆಬ್ಬೆರಳಿನಿಂದ ಮಣ್ಣು ಒತ್ತಿದ. ಮೇಲೆ ಬಂದು ಮರಾಠಿಯಲ್ಲಿ ಅಂದ: ‘ದೀಪಾವಳಿಗೆ ಮೊದಲೇ ನೀರು ಇಳಿದಿರಬೇಕಲ್ಲ ಸಾಹೇಬ್? ಹಾಗಿದ್ದರೆ ಬಿಡ್ತೀನಿ.’

ನೀರು ಇಳಿದದ್ದು ಎಂಟು ದಿನದ ಹಿಂದೆ. ನನಗೆ ಖಂಡಿತವಾಗಿ ಗೊತ್ತಿತ್ತು, ಏಕೆಂದರೆ ಕಾಗದ ಬಂದ ದಿನವೇ ಹೋಗಿ ನೋಡಿದ್ದೆ, ಅವತ್ತು ಬಿಳಿ ಕೊಕ್ಕರೆಗಳು ನಿಂತಿದ್ದವು. ಪಕ್ಕದವರ ಎಮ್ಮೆಗಳು ಮಳೆಗಾಲವಿಡೀ ಅಲ್ಲೇ ಬಿದ್ದಿರುತ್ತಿದ್ದವು ಎಂಬುದೂ ಗೊತ್ತಿತ್ತು. ನಾನು ಸುಳ್ಳು ಹೇಳಲಿಲ್ಲ. ಆಕಾಶ ನೋಡಿದೆ. ‘ಈಗ ಬಿಸಿಲು ಚೆನ್ನಾಗಿದೆ’ ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ನಾಲಿಗೆಯಿಂದ ಒಂದು ಸದ್ದು ಮಾಡಿದ. ಕುರಿಗಳು ಇಳಿದವು.

ಎರಡು ದಿನ, ಒಂದು ರಾತ್ರಿ. ಜಾಗ ಬೋಳಿಸಿದ ತಲೆಯ ಹಾಗಾಯಿತು. ಅವನು ದುಡ್ಡು ಕೇಳಲಿಲ್ಲ, ನಾನು ಕೊಡಲಿಲ್ಲ. ಚಹಾ, ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟೆ. ಎಂಟು ಸಾವಿರ ಉಳಿಯಿತು ಎಂದು ಹೆಂಡತಿಗೆ ಹೇಳಿದಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ದಿಬ್ಬದ ಮೇಲೆ ಪಾರ್ಥೇನಿಯಂ ಮಾತ್ರ ಹಾಗೇ ನಿಂತಿತ್ತು, ಒಂದೆಲೆಯನ್ನೂ ಮುಟ್ಟಿರಲಿಲ್ಲ. ತನಗೆ ಯಾವುದು ಕೆಡುಕು ಎಂಬುದು ಕುರಿಗೆ ಕಣ್ಣಿಗೆ, ಮೂಗಿಗೆ ತಿಳಿಯುವಷ್ಟು ಮಟ್ಟಿಗೆ ಗೊತ್ತು. ಕಣ್ಣಿಗೆ ಕಾಣದ್ದನ್ನು ಅದರ ಪರವಾಗಿ ಮನುಷ್ಯನೇ ಕೇಳಬೇಕು. ಅವನು ಕೇಳಿದ್ದ.

ಯಾಕೆ ಕೇಳಿದ ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಅರ್ಧ ನಿಜ. ನಮ್ಮೂರಲ್ಲಿ ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ರಾತ್ರಿ ಮಂದೆ ತರುಬಿದರೆ ಗೊಬ್ಬರ ನಮಗೆ. ಅದಕ್ಕೆ ನಮ್ಮಪ್ಪ ಜೋಳ ಅಳೆದು ಕೊಡುತ್ತಿದ್ದ, ಒಂದಿಷ್ಟು ರೊಕ್ಕ, ರಾತ್ರಿ ಊಟ. ಕರೆಯನ್ನು ಕಳಿಸುವಾಗ ಒಂದು ಮಾತು ಸೇರಿಸುತ್ತಿದ್ದ: ‘ಕೆರಿ ಮಗ್ಗಲದ ಹೊಲಕ್ಕ ಬ್ಯಾಡ್ರಿ, ಅಲ್ಲಿ ಇನ್ನೂ ತಂಪೈತಿ. ಮ್ಯಾಲಿನ ಹೊಲಕ್ಕ ತರ್ರಿ.’ ತಂಪಿದ್ದರೆ ಏನಾಗುತ್ತದೆ ಎಂದು ನಾನು ಹುಡುಗನಾಗಿ ಕೇಳಿದ್ದರೆ ಅಪ್ಪ ಹೇಳುತ್ತಿದ್ದ. ನಾನು ಕೇಳಲಿಲ್ಲ, ಎಂ.ಕಾಂ. ಓದಲು ಧಾರವಾಡಕ್ಕೆ ಹೋದೆ.

ಉಳಿದರ್ಧ ತಿಳಿದದ್ದು ಆಮೇಲೆ. ಎಮ್ಮೆ, ಆಕಳು, ಕುರಿಗಳ ಪಿತ್ತಕೋಶದಲ್ಲಿ, ಯಕೃತ್ತಿನಲ್ಲಿ ಎಲೆಯಾಕಾರದ ಒಂದು ಹುಳು ಇರುತ್ತದೆ. ಪಶುವೈದ್ಯರು ಲಿವರ್ ಫ್ಲೂಕ್ ಅನ್ನುತ್ತಾರೆ. ಅದರ ಮೊಟ್ಟೆ ಸೆಗಣಿಯಲ್ಲಿ ಬಂದು ನೀರಿಗೆ ಬೀಳುತ್ತದೆ. ಮರಿ ಒಡೆದು ನೀರಿನ ಸಣ್ಣ ಬಸವನಹುಳುವಿನೊಳಗೆ ಹೊಕ್ಕು, ಅಲ್ಲಿ ಕೆಲವು ವಾರ ಬೆಳೆದು, ಹೊರಗೆ ಬಂದು ನೀರಂಚಿನ ಹುಲ್ಲಿನ ದಂಟಿಗೆ ಅಂಟಿ ಚಿಪ್ಪು ಕಟ್ಟಿಕೊಂಡು ಕೂರುತ್ತದೆ. ಹಸಿ ಇರುವವರೆಗೆ ವಾರಗಟ್ಟಲೆ ಜೀವ ಹಿಡಿದಿರುತ್ತದೆ, ಚೆನ್ನಾಗಿ ಒಣಗಿದರೆ ಸಾಯುತ್ತದೆ. ಆ ಹುಲ್ಲು ತಿಂದ ಕುರಿಗೆ ಕೆಲವು ತಿಂಗಳಲ್ಲಿ ಕಣ್ಣು ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು ಇಳಿಯುತ್ತದೆ. ಎಮ್ಮೆ ಈ ಹುಳುವನ್ನು ಎಷ್ಟೋ ತಡೆದುಕೊಳ್ಳುತ್ತದೆ. ಕುರಿ ತಡೆಯುವುದಿಲ್ಲ. ಹಾಗಾಗಿ ಎಮ್ಮೆ ಬಿದ್ದು ಹೊರಳಿದ, ಎಂಟು ದಿನದ ಹಿಂದೆ ನೀರು ಇಳಿದ ಜೊಂಡಿನ ತಗ್ಗು ಕುರಿಗೆ ಎಂಥ ಜಾಗ ಎಂದು ನೀವೇ ಲೆಕ್ಕ ಹಾಕಿ. ಜೊತೆಗೆ ಹಸಿ ನೆಲದಲ್ಲಿ ಗೊರಸು ಕೊಳೆಯುವ ರೋಗ ಬೇರೆ.

ಇದನ್ನು ತಿಳಿದ ಮೇಲೆ ಧನಗರರ ಆ ನೂರಾರು ಮೈಲಿಯ ನಡಿಗೆ ನನಗೆ ಬೇರೆಯದಾಗಿ ಕಂಡಿತು. ಅವರು ಹುಲ್ಲು ಹುಡುಕಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ನಿಜ, ಆದರೆ ಹಸಿಯಿಂದ ತಪ್ಪಿಸಿಕೊಂಡೂ ಹೋಗುತ್ತಾರೆ. ಮಳೆಗಾಲ ಒಣನಾಡಿನಲ್ಲಿ, ಬೇಸಿಗೆ ಮಳೆನಾಡಿನಲ್ಲಿ. ವರ್ಷವಿಡೀ ಒದ್ದೆ ನೆಲದಿಂದ ಕುರಿಯನ್ನು ದೂರವಿಡುವುದೇ ಅವರ ಬದುಕಿನ ನಕ್ಷೆ. ಅಂಥವರನ್ನು ರಸ್ತೆಯಿಂದ ಕರೆದು ನನ್ನ ಒದ್ದೆ ಹೊಂಡಕ್ಕೆ ಇಳಿಸಿದ್ದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಆ ಜೂನಿನಲ್ಲಿ, ಮಳೆ ಹಿಡಿಯುವ ಮುಂಚೆ, ಅದೇ ಹಿಂಡು ಹಿಂತಿರುಗಿತು. ನಾನು ಮಾಸ್ಕು ಕಟ್ಟಿಕೊಂಡು ಬೇಲಿಯೊಳಗೆ ನಿಂತಿದ್ದೆ. ಅವನೇ ಗುರುತು ಹಿಡಿದು ನಿಂತ. ಹೇಗಿದ್ದೀರಿ ಅಂದೆ. ಹನ್ನೊಂದು ಕುರಿ ಹೋದವು ಅಂದ. ತನ್ನ ದವಡೆಯ ಕೆಳಗೆ ಕೈಯಿಟ್ಟು ಬಾವು ತೋರಿಸಿದ. ಲಾಕ್‌ಡೌನಿನಲ್ಲಿ ಔಷಧಿ ಸಿಗಲಿಲ್ಲ ಅಂದ. ‘ಎಲ್ಲಿ ಹತ್ತಿತೋ ಯಾರಿಗೆ ಗೊತ್ತು? ಈ ಸಲ ದಾರಿಯುದ್ದಕ್ಕೂ ನೀರೇ ಇತ್ತು.’ ನಾನು ಹೌದು, ಬಹಳ ಮಳೆ ಆಯಿತು ಅಂದೆ. ಜೇಬಿನಿಂದ ಎರಡು ಸಾವಿರ ತೆಗೆದು ‘ಔಷಧಿಗೆ ಇರಲಿ’ ಅಂದೆ. ಸತ್ತ ಕುರಿಗೆ ಯಾವ ಔಷಧಿ? ಅವನು ತಗೊಂಡ. ಯಾಕೆ ಕೊಡುತ್ತಿದ್ದೇನೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎಂ.ಕಾಂ.ನಲ್ಲಿ ನಮಗೆ ವಾಣಿಜ್ಯ ಕಾನೂನು ಒಂದು ವಿಷಯ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಂ, ವಂಚನೆ ಅಂದರೆ ಏನು ಎಂಬುದು. ಅಲ್ಲಿ ಬರಿಯ ಮೌನ ವಂಚನೆಯಲ್ಲ ಎಂದಿದೆ, ಜೊತೆಗೆ ಒಂದು ಕುದುರೆಯ ಉದಾಹರಣೆಗಳಿವೆ. ಕುದುರೆಗೆ ದೋಷವಿದೆ ಎಂದು ಮಾರುವವನಿಗೆ ಗೊತ್ತು, ಹರಾಜಿನಲ್ಲಿ ಸುಮ್ಮನಿದ್ದು ಮಾರಿದ. ಅದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ, ಈಗಷ್ಟೇ ಪ್ರಾಯಕ್ಕೆ ಬಂದವಳು. ಆಗ ಹೇಳುವುದು ಅವನ ಕರ್ತವ್ಯ. ಮೂರನೆಯದು: ನೀನು ಅಲ್ಲಗಳೆಯದಿದ್ದರೆ ಕುದುರೆ ಗಟ್ಟಿಯಾಗಿದೆ ಎಂದು ತಿಳಿಯುತ್ತೇನೆ ಎಂದು ಕೊಳ್ಳುವವನು ಅನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಮೌನವೇ ಮಾತು.

ಪರೀಕ್ಷೆಗೆ ಈ ಮೂರನ್ನೂ ಬಾಯಿಪಾಠ ಮಾಡಿದ್ದೆ. ನನಗೆ ಜಾಗ ಮಾರಿದವನು ಮೊದಲನೆಯ ಸಾಲಿನವನು. ನಾನು ಮೂರನೆಯವನು. ಹದಿನೈದು ವರ್ಷ ಅವನನ್ನು ಬೈದುಕೊಂಡು ಬಂದವನು ಅವನಿಗಿಂತ ಎರಡು ಮೆಟ್ಟಿಲು ಕೆಳಗಿಳಿದಿದ್ದೆ.

ಇನ್ನೊಂದು ಕಥೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ನಾನು ಹಳ್ಳಿಯ ಶಾಖೆಯೊಂದರಲ್ಲಿ ಫೀಲ್ಡ್ ಆಫೀಸರ್. ಐ.ಆರ್.ಡಿ.ಪಿ. ಯೋಜನೆಯಲ್ಲಿ ಬಡವರಿಗೆ ಆಡು, ಎಮ್ಮೆ ಕೊಡಿಸುವ ಸಾಲ. ಪ್ರಾಣಿಗೆ ವಿಮೆ, ಕಿವಿಗೆ ಬಿಲ್ಲೆ. ಒಬ್ಬ ವಿಧವೆಯ ಆಡುಗಳು ಮೂರು ವಾರದಲ್ಲಿ ಸತ್ತವು. ಬಿಲ್ಲೆ ಹಾಕುವಾಗಲೇ ಒಂದಕ್ಕೆ ಕೆಮ್ಮು ಇತ್ತಂತೆ, ಅವಳು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಫೈಲಿನಲ್ಲಿ ನಾನು ಬರೆದೆ: ‘ಫಲಾನುಭವಿಯು ವಾಸ್ತವಾಂಶವನ್ನು ಮುಚ್ಚಿಟ್ಟಿರುತ್ತಾರೆ.’ ವಿಮೆಯ ಕರಾರಿನಲ್ಲಿ ಕೇಳದಿದ್ದರೂ ಎಲ್ಲ ಹೇಳಬೇಕು, ಅದಕ್ಕೆ ಪರಮ ಸದ್ಭಾವನೆಯ ತತ್ವ ಎಂದು ಹೆಸರು. ಕ್ಲೇಮು ತಿರಸ್ಕೃತವಾಯಿತು. ಸಾಲ ಅವಳ ತಲೆಯ ಮೇಲೆ ಉಳಿಯಿತು. ಅಕ್ಷರ ಬಾರದವಳಿಂದ ಪರಮ ಸದ್ಭಾವನೆ ಕೇಳಿದವನು ನಾನು. ಎಂ.ಕಾಂ. ಓದಿದವನಿಂದ ಒಬ್ಬ ಕುರಿಗಾಹಿ ಅದನ್ನೇ ಕೇಳಿದಾಗ ಆಕಾಶ ನೋಡಿದ್ದೆ.

ಈ ಪ್ರಶ್ನೆ ಬಹಳ ಹಳೆಯದು. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಇವನು ಅಲೆಕ್ಸಾಂಡ್ರಿಯದಿಂದ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ನೋಡಿದ್ದಾನೆ. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೋ ಬೇಡವೋ? ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಒಬ್ಬ ತತ್ವಜ್ಞಾನಿ. ಕೊಳ್ಳುವವನಿಗೆ ತಿಳಿಯಬೇಕಾದದ್ದನ್ನು ತಿಳಿಸಲೇಬೇಕು ಎಂದು ಅವನ ಶಿಷ್ಯ. ಸಿಸೆರೋ ಶಿಷ್ಯನ ಪಕ್ಷ. ಇನ್ನೊಬ್ಬರು ತಿಳಿಯಬೇಕಾದದ್ದನ್ನು ನಮ್ಮ ಲಾಭಕ್ಕಾಗಿ ತಿಳಿಯದಂತೆ ಇಡುವುದೇ ಮುಚ್ಚಿಡುವುದು ಎಂದು ಅವನ ತೀರ್ಪು.

ನನ್ನ ಪಕ್ಷಕ್ಕೂ ಒಂದು ವಾದ ಇದೆ, ಅದನ್ನು ಬಹಳ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಹನ್ನೊಂದು ಕುರಿ ನನ್ನ ಜಾಗದಿಂದಲೇ ಸತ್ತವು ಅನ್ನುವುದಕ್ಕೆ ಏನು ಸಾಕ್ಷಿ? ಆ ವರ್ಷ ಎಲ್ಲೆಲ್ಲೂ ನೀರು. ನೂರು ಹೊಂಡದಲ್ಲಿ ನನ್ನದೊಂದು. ವಾದ ತಪ್ಪಲ್ಲ. ಆದರೆ ಲೆಕ್ಕಪತ್ರದಲ್ಲಿ ಇದಕ್ಕೆ ಒಂದು ಜಾಗ ಇದೆ. ಬರಬಹುದಾದ, ಬರದೆಯೂ ಇರಬಹುದಾದ ಹೊಣೆಯನ್ನು ಆಸ್ತಿ–ಹೊಣೆಗಳ ತಃಖ್ತೆಯ ಒಳಗೆ ಸೇರಿಸುವುದಿಲ್ಲ. ಬಿಟ್ಟುಬಿಡುವುದೂ ಇಲ್ಲ. ಕೆಳಗೆ ಟಿಪ್ಪಣಿಯಾಗಿ ಬರೆಯುತ್ತೇವೆ. ಹನ್ನೊಂದು ಕುರಿ ಅಲ್ಲಿವೆ. ತಃಖ್ತೆಯ ಒಳಗಿರುವುದು ಇನ್ನೊಂದು, ಅದಕ್ಕೆ ಸಾಕ್ಷಿ ಬೇಕಿಲ್ಲ. ಕೇಳಿದಾಗ ನಾನು ಹೇಳಲಿಲ್ಲ. ಒಂದು ಕುರಿಯೂ ಸಾಯದಿದ್ದರೂ ಅದು ಹಾಗೇ ಇರುತ್ತಿತ್ತು.

2021ರ ನವೆಂಬರಿನಲ್ಲಿ ಹಿಂಡು ಮತ್ತೆ ಬಂತು. ಮುಂದಾಳು ಇರಲಿಲ್ಲ, ಅವನ ಮಗ ಇದ್ದ, ಇಪ್ಪತ್ತೆರಡರ ಹುಡುಗ. ಅಪ್ಪನಿಗೆ ಮಂಡಿ ನೋವು, ಮನೆಯಲ್ಲೇ ಇದ್ದಾನೆ ಅಂದ. ಅವನು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ನೀರು ಇಳಿದು ಹನ್ನೆರಡು ದಿನ ಆಯಿತು, ಎಮ್ಮೆ ಬರುತ್ತವೆ, ತಗ್ಗಿಗೆ ಬಿಡಬೇಡ. ಆಮೇಲೆ ಇನ್ನೂ ಹೇಳಿದೆ. ಆ ವರ್ಷ ನಿಮ್ಮಪ್ಪ ಕೇಳಿದಾಗಲೂ ನೀರು ಇಳಿದು ಎಂಟೇ ದಿನ ಆಗಿತ್ತು, ನಾನು ಹೇಳಲಿಲ್ಲ.

ಹುಡುಗನಿಗೆ ಆಶ್ಚರ್ಯವಾಗಲಿಲ್ಲ. ‘ಅಪ್ಪನಿಗೆ ಗೊತ್ತಿತ್ತು’ ಅಂದ. ‘ಅವತ್ತು ರಾತ್ರಿಯೇ ಹೇಳಿದ. ಒಣಗಿದ್ದರೆ ಸಾಹೇಬರು ಹೌದು ಅಂತಿದ್ದರು, ಮಾತಾಡಲಿಲ್ಲ ಅಂದರೆ ಹಸಿ ಇದೆ ಅಂತ.’ ‘ಮತ್ತೆ ಯಾಕೆ ಬಿಟ್ಟ?’ ಅಂದೆ. ‘ಮೂರು ದಿನದಿಂದ ಹೊಟ್ಟೆ ತುಂಬ ತಿಂದಿರಲಿಲ್ಲ ಕುರಿಗಳು. ಮೊದಲು ನಿಲ್ಲುತ್ತಿದ್ದ ಜಾಗದಲ್ಲೆಲ್ಲ ಬಿಲ್ಡಿಂಗ್ ಬಂದಿದೆ.’

ಇದನ್ನು ಕೇಳಿ ಮನಸ್ಸು ಹಗುರಾಗಬೇಕಿತ್ತು. ಅವನು ತಿಳಿದೇ ಬಿಟ್ಟಿದ್ದ, ಹಾಗಾದರೆ ಮೋಸ ಎಲ್ಲಿ? ಆದರೆ ಹಗುರಾಗಲಿಲ್ಲ, ಹೆಚ್ಚೇ ಭಾರವಾಯಿತು. ನಾನು ನಿಜ ಹೇಳಿದ್ದರೆ ಅವನು ಮೇಲಿನ ಭಾಗದಲ್ಲಿ ಬಿಡಬಹುದಿತ್ತು. ಅಥವಾ ‘ಹಸಿ ಇದೆ, ಆದರೂ ಬಿಡ್ತೀನಿ, ಔಷಧಿಯ ಖರ್ಚು ನೀವು ಕೊಡಿ’ ಅನ್ನಬಹುದಿತ್ತು. ನನಗೆ ಎಂಟು ಸಾವಿರ ಉಳಿಯುತ್ತಿದ್ದಾಗ ಎರಡು ಸಾವಿರ ಕೇಳುವ ಹಕ್ಕು ಅವನಿಗಿತ್ತು. ನನ್ನ ಮೌನ ಅವನಿಂದ ನಿಜವನ್ನು ಕಸಿಯಲಿಲ್ಲ, ಅವನು ಜಾಣ, ಊಹಿಸಿದ. ಕಸಿದದ್ದು ಚೌಕಾಸಿ ಮಾಡುವ ನೆಲವನ್ನು. ಹಸಿದ ಕುರಿಗಳ ಎದುರು, ಅಪರಿಚಿತ ಸಾಹೇಬನ ಎದುರು, ಒಬ್ಬನೇ ಊಹೆ ಮಾಡಿ ಒಬ್ಬನೇ ನಷ್ಟ ಹೊರುವ ಹಾಗೆ ಬಿಟ್ಟೆ. ಮತ್ತು ಕುರಿ? ಅದು ಯಾವ ಕರಾರಿಗೂ ಸಹಿ ಹಾಕಿರಲಿಲ್ಲ. ಅದರ ಪರವಾಗಿ ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಖಂಡೋಬಾನ ಕಥೆಯಲ್ಲಿ ಅವನು ಧನಗರರ ಬಾಣಾಯಿಯನ್ನು ಮೆಚ್ಚಿ ವೇಷ ಮರೆಸಿಕೊಂಡು ಅವಳ ತಂದೆಯ ಕುರಿ ಕಾಯುತ್ತಾನೆ, ಕುರಿಗಳನ್ನು ಸಾಯಿಸಿ, ಆಮೇಲೆ ಮತ್ತೆ ಬದುಕಿಸುತ್ತಾನೆ ಎಂದು ಇಲ್ಲಿಯವರು ಹೇಳುತ್ತಾರೆ. ದೇವರಿಗೆ ಅದು ಆಟ. ನಮಗೆ ಸಾಯಿಸಲು ಬರುತ್ತದೆ, ಬದುಕಿಸಲು ಬರುವುದಿಲ್ಲ. ಅದಕ್ಕೇ ಮೊದಲೇ ಹೇಳಬೇಕು.

ನಾನು ಯಾಕೆ ಹೇಳಲಿಲ್ಲ? ಎಂಟು ಸಾವಿರಕ್ಕಾಗಿ ಅನ್ನುವುದು ಸುಲಭದ ಉತ್ತರ. ಆ ದುಡ್ಡಿನ ತೊಂದರೆ ನನಗಿರಲಿಲ್ಲ. ಬಹಳ ಯೋಚಿಸಿ ನನಗೆ ಹೊಳೆದದ್ದು ಬೇರೆ. ನಮ್ಮೂರಲ್ಲಿ ನಮ್ಮಪ್ಪ ಹೀಗೆ ಸುಮ್ಮನಿರಲು ಸಾಧ್ಯವೇ ಇರಲಿಲ್ಲ. ಯಾವ ಹೊಲದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂದು ಕುರುಬರಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತು. ಮುಂದಿನ ವರ್ಷವೂ ಅವರೇ ಬರಬೇಕು, ಸಂತೆಯಲ್ಲಿ ಮುಖ ನೋಡಬೇಕು, ದೇವರಗುಡ್ಡದ ಜಾತ್ರೆಯಲ್ಲಿ ಪಕ್ಕಪಕ್ಕ ನಿಲ್ಲಬೇಕು. ಅಪ್ಪ ಒಳ್ಳೆಯವನು, ಅನುಮಾನವಿಲ್ಲ. ಆದರೆ ಅವನ ಒಳ್ಳೆಯತನಕ್ಕೆ ಇಡೀ ಊರು ಕಾವಲಿತ್ತು. ಆ ಕಾವಲಿನೊಳಗೆ ಬೆಳೆದ ನಾನು ಅದನ್ನೇ ನನ್ನ ಗುಣ ಎಂದುಕೊಂಡಿದ್ದೆ. ಆಮೇಲೆ ಬ್ಯಾಂಕಿನಲ್ಲಿ ಇನ್ನೊಂದು ಕಾವಲು. ಆಡಿಟ್, ಇನ್‌ಸ್ಪೆಕ್ಷನ್, ಎರಡು ಸಹಿ. ಎರಡೂ ಕಾವಲು ಇಲ್ಲದ ಒಂದು ಮಧ್ಯಾಹ್ನ, ನನ್ನ ಊರು ಗೊತ್ತಿಲ್ಲದ, ತನ್ನ ಊರು ನನಗೆ ಗೊತ್ತಿಲ್ಲದ ಒಬ್ಬ ಮನುಷ್ಯ ನನ್ನನ್ನು ಒಂದು ಪ್ರಶ್ನೆ ಕೇಳಿದ. ಅರವತ್ತು ವರ್ಷದ ಮೇಲೆ ಮೊದಲ ಸಲ ನನ್ನ ಪ್ರಾಮಾಣಿಕತೆ ಪೂರ್ತಿ ನನ್ನ ಕೈಯಲ್ಲೇ ಇತ್ತು. ಅದು ಎಷ್ಟಿದೆ ಎಂದು ನನಗೆ ಅವತ್ತೇ ತಿಳಿದದ್ದು.

ಪರಸ್ಥಳದಲ್ಲಿರುವವರು ನಾವು ಊರಿನ ಸಂಸ್ಕಾರ ಬಿಟ್ಟಿಲ್ಲ ಎಂದು ಹೇಳಿಕೊಳ್ಳುತ್ತೇವೆ. ಯುಗಾದಿಗೆ ಬೇವು–ಬೆಲ್ಲ ಹಂಚುತ್ತೇವೆ, ಮಕ್ಕಳಿಗೆ ಪುಣ್ಯಕೋಟಿಯ ಹಾಡು ಕಲಿಸುತ್ತೇವೆ. ನನ್ನ ಮಗಳಿಗೂ ನಾನೇ ಕಲಿಸಿದ್ದೆ. ಆ ಹಾಡಿನಲ್ಲಿ ಹುಲಿಗೆ ಕೊಟ್ಟ ಮಾತನ್ನು ಆಕಳು ಉಳಿಸಿಕೊಳ್ಳುತ್ತದೆ. ಹಿಂತಿರುಗಿ ಬರದಿದ್ದರೆ ಅದನ್ನು ಕೇಳುವವರು ಯಾರೂ ಇರಲಿಲ್ಲ. ಚಿಕ್ಕಂದಿನಿಂದ ಕೇಳಿದರೂ ಈ ಸಣ್ಣ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ.

ಆ ಹುಡುಗ ಅವತ್ತು ದಿಬ್ಬದ ಮೇಲೆ ಕುರಿ ಕೂರಿಸಿ, ಒಂದು ರಾತ್ರಿ ಇದ್ದು ಹೋದ. ನಮ್ಮಪ್ಪನ ಲೆಕ್ಕದಲ್ಲಿ ಜೋಳ ತಂದುಕೊಟ್ಟೆ, ಐದು ಕಿಲೋ. ‘ಅಪ್ಪನಿಗೆ ಹೇಳು’ ಅಂದೆ. ‘ಏನಂತ?’ ಅಂದ. ‘ನೀರು ಯಾವಾಗ ಇಳಿಯಿತು ಅಂತ ಸಾಹೇಬರು ಹೇಳಿದರು ಅಂತ.’ ಅವನು ನಕ್ಕ. ಹೇಳಿದನೋ ಇಲ್ಲವೋ ಗೊತ್ತಿಲ್ಲ.

ಈಗ ತಗ್ಗಿನ ಕಳೆಯನ್ನು ಪಕ್ಕದವರ ಎಮ್ಮೆಗಳಿಗೆ ಬಿಟ್ಟಿದ್ದೇನೆ. ಹುಳುವಿನ ಔಷಧಿಯ ದುಡ್ಡು ವರ್ಷಕ್ಕೆ ಎರಡು ಸಲ ನಾನೇ ಕೊಡುತ್ತೇನೆ. ಎಮ್ಮೆ ಜೊಂಡಿನ ಎಳೆಯದನ್ನು ತಿನ್ನುತ್ತದೆ, ಬಲಿತದ್ದನ್ನು ತುಳಿಯುತ್ತದೆ, ಉಳಿದದ್ದಕ್ಕೆ ಕೂಲಿ ಕೊಡುತ್ತೇನೆ. ಪಾರ್ಥೇನಿಯಂ ಮಾತ್ರ ಯಾರೂ ತಿನ್ನುವುದಿಲ್ಲ. ಹೂ ಬಿಡುವ ಮುಂಚೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಾನೇ ಕೀಳುತ್ತೇನೆ. ದೀಪಾವಳಿಗೆ ಮೊದಲು ಬೇಲಿಯ ಪಕ್ಕದ ಕಲ್ಲಿನ ಮೇಲೆ ಸುಣ್ಣದಿಂದ ಒಂದು ತಾರೀಖು ಬರೆಯುತ್ತೇನೆ, ಆ ವರ್ಷ ನೀರು ಇಳಿದ ದಿನ. ನೀರು ಇಳಿದೇ ಇಲ್ಲದಿದ್ದರೆ ಅದನ್ನೂ ಬರೆಯುತ್ತೇನೆ. ರಸ್ತೆಯಲ್ಲಿ ಹೋಗುವ ಕುರಿಗಾಹಿಗಳಲ್ಲಿ ಎಷ್ಟು ಜನ ಓದುತ್ತಾರೋ ಗೊತ್ತಿಲ್ಲ. ನನ್ನ ಹೆಂಡತಿ ಅದನ್ನು ನೋಡಿ, ‘ಇದೇನು, ನೋಟೀಸ್ ಬೋರ್ಡಾ?’ ಅಂತ ಕೇಳಿದಳು. ಹೌದು ಅಂದೆ.